ತಂತಿಗೂ ಅಯಸ್ಕಾಂತಕ್ಕೂ ನಡುವೆ

ಹತ್ತು ಸೆಂಟಿನ ತೆಳು ನಾಣ್ಯ ಕೂಡ ತೂರಲಿಲ್ಲ.

ಡೆಲ್ ತನ್ನ ರಿಪೇರಿ ಶೆಡ್ಡಿನಲ್ಲಿ ಕೂತು, ಗಿಟಾರಿನ ದಪ್ಪ ತಂತಿಯನ್ನು ಕೊನೆಯ ಮೆಟ್ಟಿನ ಮೇಲೆ ಒತ್ತಿ ಹಿಡಿದು, ನಾಣ್ಯವನ್ನು ಮತ್ತೊಮ್ಮೆ ಅದರ ಕೆಳಗೆ ತಳ್ಳಿದ. ನಾಣ್ಯ ಪಿಕಪ್ಪಿನ ಅಂಚಿಗೆ ತಗುಲಿ ಅಲ್ಲೇ ನಿಂತಿತು.

“ನೋಡಿದ್ಯಾ ಅಕ್ಕ? ಹಾರ್ಲನ್ ಟೀಗ್ ಗಿಟಾರಲ್ಲಿ ಐದು ಸೆಂಟಿನ ದಪ್ಪ ನಾಣ್ಯ ಎರಡು ಪೇರಿಸಿ ತೂರಿಸ್ಬಹುದಿತ್ತು. ಊರಿಗೆಲ್ಲ ಗೊತ್ತು ಅದು.”

“ಗೊತ್ತು,” ಎಂದಳು ರೋಡಾ ಪ್ರೂಯಿಟ್. “ಅಪ್ಪ ಅದನ್ನೇ ಹೇಳ್ಕೊಂಡು ನಗ್ತಿದ್ದ. ಹಾರ್ಲನ್‌ಗೆ ಪಿಕಪ್ ಬೇಡ, ಗುದ್ದಲಿ ಸಾಕು ಅಂತ.”

ತಂತಿಗಳ ಕೆಳಗೆ ಕೂತ ಅಯಸ್ಕಾಂತದ ತುಂಡುಗಳೇ ಪಿಕಪ್. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅವುಗಳ ಕೆಲಸ. ಎರಡು ಬದಿಯ ತಿರುಪುಗಳನ್ನು ತಿರುಗಿಸಿ ಅವನ್ನು ಏರಿಸಬಹುದು, ಇಳಿಸಬಹುದು. ಹಾರ್ಲನ್‌ನದು ಎಣ್ಣೆ ಬಾವಿಗಳಲ್ಲಿ ಕೊಳವೆ ತಿರುಗಿಸಿ ಗಟ್ಟಿಯಾದ ಕೈ. ಅವನು ತಂತಿ ಮೀಟುತ್ತಿರಲಿಲ್ಲ, ಬಾರಿಸುತ್ತಿದ್ದ. ಅಂಥ ಹೊಡೆತಕ್ಕೆ ಪಿಕಪ್ ಹತ್ತಿರವಿದ್ದರೆ ತಂತಿ ಹೋಗಿ ಅದಕ್ಕೇ ಬಡಿಯುತ್ತದೆ. ಅಯಸ್ಕಾಂತ ತಂತಿಯನ್ನು ತನ್ನತ್ತ ಎಳೆದು ಸ್ವರವನ್ನೇ ಕೆಡಿಸುತ್ತದೆ. ಹಾಗಾಗಿ ಜೀವಮಾನವಿಡೀ ಅವನು ಮೂರು ಪಿಕಪ್ಪುಗಳನ್ನೂ ಆಳಕ್ಕೆ ಇಳಿಸಿಟ್ಟುಕೊಂಡಿದ್ದ.

ಈಗ ಮೂರೂ ತಂತಿಯ ಹೊಟ್ಟೆಗೆ ಮೂತಿ ತಾಗಿಸುವಂತೆ ಮೇಲೆದ್ದು ನಿಂತಿದ್ದವು.

ಹಾರ್ಲನ್‌ನ ಹೆಣ ಹಿಂದಿನ ವಾರ ಆಯಿಲ್‌ಡೇಲ್‌ನ ಹೊರಗೆ, ಕಿತ್ತಳೆ ತೋಟಗಳ ಕಾಲುವೆಯಲ್ಲಿ ತೇಲಿತ್ತು. ಮಂಜಿನಲ್ಲಿ ದಾರಿ ತಪ್ಪಿ ಬಿದ್ದ ಕುಡುಕ ಎಂದೇ ಊರು ನಂಬಿತ್ತು. ಶ್ವಾಸಕೋಶದಲ್ಲಿ ಹನಿ ನೀರಿರಲಿಲ್ಲ, ತಲೆಯ ಹಿಂಭಾಗ ಒಡೆದಿತ್ತು, ಕೈಗಡಿಯಾರ ಮಾಯವಾಗಿತ್ತು ಎಂಬುದು ಶೆರಿಫ್ ಕಚೇರಿಯ ಗೋಡೆ ದಾಟಿರಲಿಲ್ಲ. ಈ ಪ್ರಕರಣದ ಪತ್ತೇದಾರಿ ರೋಡಾ ಅದನ್ನು ಹೊರಗೆ ಹೇಳಿದ್ದು ಒಬ್ಬನಿಗೆ ಮಾತ್ರ, ತನ್ನ ತಮ್ಮನಿಗೆ.

“ಇನ್ನೊಂದು ವಿಷಯ ನನ್ನ ತಲೆ ತಿಂತಿದೆ ಡೆಲ್. ಆ ಶನಿವಾರ ಹಾರ್ಲನ್ ಈ ಗಿಟಾರ್ ತಗೊಂಡು ಆರ್ವಿಲ್ ಅಂಕಲ್ ಬಾರಿಗೆ ಹೋಗಿದ್ದ. ಅವನು ವಾಪಸ್ ಮನೆ ಸೇರ್ಲಿಲ್ಲ. ಗಿಟಾರ್ ಸೇರ್ತು. ಪೆಟ್ಟಿಗೆ ಒಳಗೆ, ಚಿಲಕ ಹಾಕಿ, ಗೋಡೆಗೆ ಒರಗಿಸಿ ಇಟ್ಟಿತ್ತು.”

ಮನುಷ್ಯನನ್ನು ನೀರಿಗೆ ಬಿಟ್ಟವನು ಗಿಟಾರನ್ನು ಮಾತ್ರ ಒದ್ದೆಯಾಗಲು ಬಿಟ್ಟಿರಲಿಲ್ಲ.

ಡೆಲ್ ನಾಣ್ಯವನ್ನು ಮೇಜಿನ ಮೇಲಿಟ್ಟ. ಮೂಲೆಯ ಒಲೆಯ ಮೇಲೆ ಕಾಫಿ ಉಕ್ಕಿ ಸುಟ್ಟ ವಾಸನೆ ಬರುತ್ತಿತ್ತು. ಅವನು ಎದ್ದು ಅದನ್ನು ಇಳಿಸಿದ.

“ಗಿಟಾರ್ ಬೆಲೆ ಗೊತ್ತಿರೋನು ಇಟ್ಟಿದಾನೆ. ಯಾರು ಅಂತ ನಾನು ಹೇಳ್ಬೇಕಾ? ಆ ಸ್ಪ್ರೇಗ್. ಲಾಸ್ ಏಂಜಲಿಸ್‌ನಿಂದ ಹಳೇ ಗಿಟಾರ್ ವಾಸನೆ ಹಿಡ್ಕೊಂಡು ಬರ್ತಾನಲ್ಲ, ರಣಹದ್ದು. ಎರಡು ವರ್ಷದಿಂದ ಹಾರ್ಲನ್ ಬಾಗಿಲು ಸವೆಸಿದಾನೆ. ಕೊಂದ, ಗಿಟಾರ್ ಮನೆಗೆ ತಂದ, ಪಿಕಪ್ ಅಸಲೀನೋ ನಕಲೀನೋ ಅಂತ ಎಬ್ಬಿಸಿ ನೋಡ್ದ. ಇಳಿಸಕ್ಕೆ ಮರೆತ.”

“ತಗೊಂಡು ಹೋಗ್ಬಹುದಿತ್ತಲ್ಲ.”

“ಈಗ ತಗೊಂಡ್ರೆ ಸಿಕ್ಕಿಬೀಳ್ತಾನೆ. ಸತ್ತವರ ಸಾಮಾನು ಹರಾಜಿಗೆ ಬರತ್ತೆ, ಆಗ ಮರ್ಯಾದೆಯಾಗಿ ಕೊಳ್ತಾನೆ. ಅಷ್ಟೂ ಬುದ್ಧಿ ಇಲ್ವಾ ಅವನಿಗೆ?”

ಮಾತು ಸರಿಯೆನಿಸಿತು. ಆಯಿಲ್‌ಡೇಲ್‌ನಲ್ಲಿ ಗಿಟಾರ್ ರಿಪೇರಿಯಲ್ಲಿ ಡೆಲ್‌ಗೆ ಸಮ ಯಾರೂ ಇರಲಿಲ್ಲ. ಮಾತ್ರೆಗಳ ಚಟಕ್ಕೆ ಬಿದ್ದು ಅಂಗಡಿ, ಹೆಂಡತಿ, ಹಲ್ಲು ಮೂರನ್ನೂ ಕಳೆದುಕೊಂಡವನು, ಎರಡು ವರ್ಷದಿಂದ ಒಂದು ಮಾತ್ರೆಯನ್ನೂ ಮುಟ್ಟಿರಲಿಲ್ಲ. ಜಡ್ಜಿನ ಮುಂದೆ ನಿಂತು, ಇವನಿಗೆ ನಾನು ಹೊಣೆ ಎಂದವಳು ರೋಡಾ. ಈ ಶೆಡ್ಡಿನ ತಗಡಿನ ಛಾವಣಿಯನ್ನು ಇಬ್ಬರೂ ಸೇರಿ ಹೊದಿಸಿದ್ದರು.

“ಇಲ್ಲೇ ಬಿಟ್ಟುಹೋಗು ಅಕ್ಕ. ನಾಳೆವರೆಗೆ. ಪಿಕಪ್ ಕೂತಿರೋ ತಟ್ಟೆ ಬಿಚ್ಚಿ ಒಳಗೆ ನೋಡ್ತೀನಿ, ಅವನ ಕೈಗುರುತು ಏನಾದ್ರೂ ಸಿಗಬಹುದು.”

ರೋಡಾ ಬಿಟ್ಟೇಬಿಡುತ್ತಿದ್ದಳು. ಪೆಟ್ಟಿಗೆಯ ಹಿಡಿಗೆ ಕಟ್ಟಿದ್ದ ಸಾಕ್ಷ್ಯದ ಚೀಟಿಯ ಮೇಲೆ ತನ್ನದೇ ರುಜು ಕಂಡಿತು.

“ಸಂಜೆ ಒಳಗೆ ಕಚೇರಿಗೆ ಒಪ್ಪಿಸ್ಬೇಕು ಕಣೋ. ನನ್ನ ಕತ್ತು ಹೋಗತ್ತೆ.”

“ಸರಿ ಬಿಡು,” ಎಂದು ಡೆಲ್ ಪೆಟ್ಟಿಗೆಯ ಚಿಲಕಗಳನ್ನು ತಾನೇ ಒಂದೊಂದಾಗಿ ಹಾಕಿಕೊಟ್ಟ.

*

ಹೊರಗೆ ನೆಲಮಂಜು ಇನ್ನೂ ಬಿಟ್ಟಿರಲಿಲ್ಲ. ಮಧ್ಯಾಹ್ನವಾದರೂ ದೀಪ ಹಾಕಿಕೊಂಡು ವಾಹನಗಳು ತೆವಳುತ್ತಿದ್ದವು. ಎಣ್ಣೆ ಪಂಪುಗಳ ಕಬ್ಬಿಣದ ತಲೆಗಳು ಮಂಜಿನೊಳಗಿಂದ ಏಳುತ್ತ ಮುಳುಗುತ್ತ ಇದ್ದವು.

ರೋಡಾ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನದಿಯ ಸೇತುವೆ ಬಳಿಯ ಹೋಟೆಲಿಗೆ ಹೋದಳು. ಗಿಟಾರನ್ನು ಕಾರಿನಲ್ಲಿ ಬಿಡುವ ಹಾಗಿರಲಿಲ್ಲ. ಕಿಟಕಿ ಪಕ್ಕದ ಬೆಂಚಿನ ಮೇಲೆ ತನ್ನೆದುರಿಗೇ ಅದನ್ನು ಮಲಗಿಸಿದಳು.

“ನಿನ್ನ ಜೊತೆಗಾರನಿಗೆ ಏನು ತರ್ಲಿ?” ಎಂದಳು ಬಡಿಸುವವಳು, ಪೆಟ್ಟಿಗೆ ನೋಡಿ.

“ಅವನಿಗೇನೂ ಬೇಡ. ಯಜಮಾನ ಸತ್ತಿದಾನೆ.”

“ಅಯ್ಯೋ, ಹಾರ್ಲನ್‌ದಾ?” ಅವಳ ಮುಖ ಇಳಿಯಿತು. “ನನ್ನ ಮದುವೇಲಿ ಬಾರಿಸಿದ್ದ. ಗಂಡ ಓಡಿಹೋದ, ಆ ಹಾಡು ಮಾತ್ರ ಇನ್ನೂ ಕಿವಿಯಲ್ಲಿದೆ.” ಕೇಳದೆಯೇ ಬನ್ನಿನಂಥ ಮೆದು ಬಿಸ್ಕತ್ತಿನ ಮೇಲೆ ಎರಡು ಸೌಟು ಹೆಚ್ಚು ಗ್ರೇವಿ ಸುರಿದು ಹೋದಳು.

ರೋಡಾ ತಿನ್ನುತ್ತಲೇ ಪೆಟ್ಟಿಗೆ ತೆರೆದಳು. ಡೆಲ್‌ನ ಶೆಡ್ಡಿನ ಹಳದಿ ಬಲ್ಬಿನ ಬೆಳಕು ಇಲ್ಲಿರಲಿಲ್ಲ. ಕಿಟಕಿಯಿಂದ ಮಂಜಿನ ಬಿಳಿ ಬೆಳಕು ನೇರವಾಗಿ ಗಿಟಾರಿನ ಮೇಲೆ ಬಿತ್ತು.

ಪಿಕಪ್ಪುಗಳ ಪ್ಲಾಸ್ಟಿಕ್ ಮುಚ್ಚಳ ಒಂದು ಕಾಲಕ್ಕೆ ಬಿಳಿಯಾಗಿದ್ದದ್ದು. ಬಾರುಗಳ ಹೊಗೆ ಕುಡಿದು ಕುಡಿದು ಅವುಗಳ ನೆತ್ತಿ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಇಷ್ಟು ವರ್ಷ ತಟ್ಟೆಯ ಕೆಳಗೆ ಅಡಗಿದ್ದ ಪಕ್ಕದ ಭಾಗ ಮಾತ್ರ ಹೊಗೆ ಕಾಣದೆ ಬೆಳ್ಳಗೆ ಉಳಿದಿರಬೇಕು. ಹೋದ ವಾರವಷ್ಟೇ ಯಾರೋ ಏರಿಸಿದ್ದರೆ, ಮೇಲೆದ್ದ ಆ ಪಟ್ಟಿ ಹೊಸ ಪಿಂಗಾಣಿಯಂತೆ ಹೊಳೆಯಬೇಕಿತ್ತು.

ಹೊಳೆಯುತ್ತಿರಲಿಲ್ಲ.

ಅವಳು ಚಮಚ ಕೆಳಗಿಟ್ಟಳು. ಕಾಗದದ ಕರವಸ್ತ್ರದ ತುದಿಯನ್ನು ನೀರಿನಲ್ಲಿ ಅದ್ದಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಸಾಸಿವೆಯಷ್ಟು ಜಾಗವನ್ನು ಒರೆಸಿದಳು. ಕಾಗದ ಕಂದು ಹಳದಿಯಾಯಿತು. ಒರೆಸಿದ ಜಾಗ ಬೆಳ್ಳಗಾಯಿತು.

ಹತ್ತಿರದಿಂದ ನೋಡಿದರೆ ಆ ಕೊಳೆಯೂ ಒಂದೇ ಸಮನಾಗಿರಲಿಲ್ಲ. ಮೇಲಕ್ಕೆ ಹೆಚ್ಚು, ಕೆಳಗೆ ಇಳಿದಂತೆ ಕಡಿಮೆ, ಮೆಟ್ಟಿಲು ಮೆಟ್ಟಿಲಾಗಿ. ಯಾರೋ ಒಮ್ಮೆ ಸ್ವಲ್ಪ ಏರಿಸಿ, ಕೆಲವು ವಾರ ಹೊಗೆಯಲ್ಲಿ ಬಾರಿಸಿ, ಮತ್ತೆ ಸ್ವಲ್ಪ ಏರಿಸಿದ್ದರು.

ಕೊಂದವನು ಒಂದು ರಾತ್ರಿಯಲ್ಲಿ ಮಾಡಿದ ಕೆಲಸವಲ್ಲ ಇದು. ತಿಂಗಳುಗಳ ಕೆಲಸ. ಹಾರ್ಲನ್ ಬದುಕಿದ್ದಾಗಲೇ, ಅವನಿಗೆ ತಿಳಿದೇ ನಡೆದದ್ದು.

ಇಷ್ಟು ಸ್ಪಷ್ಟವಾದದ್ದು ಡೆಲ್‌ಗೆ ಹೇಗೆ ಕಾಣಲಿಲ್ಲ? ಕಣ್ಣು ಮಂದವಾಗಿರಬೇಕು, ಒಂದು ಕನ್ನಡಕ ಕೊಡಿಸಬೇಕು ಎಂದುಕೊಂಡಳು. ಅಷ್ಟರಲ್ಲೇ ಅದಕ್ಕಿಂತ ದೊಡ್ಡ ಯೋಚನೆ ಬಂದು ಆ ಕನ್ನಡಕವನ್ನು ಪಕ್ಕಕ್ಕೆ ತಳ್ಳಿತು.

ಆ ಟೇಪು.

ಆರ್ವಿಲ್ ಡನವೇ ತನ್ನ ಬಾರಿನಲ್ಲಿ ಶನಿವಾರದ ಬಾರಿಸಾಟವನ್ನು ಕ್ಯಾಸೆಟ್ಟಿಗೆ ಹಿಡಿದಿಡುತ್ತಿದ್ದ. ಆ ಶನಿವಾರ ಮಂಜಿಗೆ ಹೆದ್ದಾರಿ ಮುಚ್ಚಿ ಒಬ್ಬ ಗಿರಾಕಿಯೂ ಬಂದಿರಲಿಲ್ಲ. ಆದರೂ ಹಾರ್ಲನ್ ಖಾಲಿ ಕುರ್ಚಿಗಳಿಗೆ ನಡುರಾತ್ರಿಯವರೆಗೆ ಬಾರಿಸಿದ, ತಾನು ಜೊತೆಗೆ ಬೇಸ್ ಗಿಟಾರ್ ನುಡಿಸಿದೆ ಎಂದು ಹೇಳಿಕೆ ಕೊಟ್ಟು ಕ್ಯಾಸೆಟ್ಟನ್ನೂ ಕೊಟ್ಟಿದ್ದ. ಹಾರ್ಲನ್ ನಡುರಾತ್ರಿಯವರೆಗೆ ಬದುಕಿದ್ದ ಎನ್ನುವುದಕ್ಕೆ ಅದೊಂದೇ ಆಧಾರ. ಅದರ ಮೇಲೆ ನಿಂತೇ ಅವಳು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದ್ದಳು: ನಡುರಾತ್ರಿ ಕಳೆದ ಮೇಲೆ ನೀವೆಲ್ಲಿದ್ದಿರಿ?

ಟೇಪಿನಲ್ಲಿ ಹಾರ್ಲನ್ ಎಂದಿನಂತೆ ಬಾರಿಸಿದ್ದ, ಬಾಗಿಲು ಬಡಿಯುವವನ ಹಾಗೆ. ಒಂದೇ ಒಂದು ಸ್ವರ ಕೆಟ್ಟಿರಲಿಲ್ಲ.

*

ಆರ್ವಿಲ್‌ನ ಬಾರು ಹಗಲಿನಲ್ಲಿ ಮುದುಕರ ಆಸ್ಪತ್ರೆಯಂತೆ ಕಾಣುತ್ತಿತ್ತು. ಕುರ್ಚಿಗಳೆಲ್ಲ ಮೇಜಿನ ಮೇಲೆ ಕಾಲು ಮೇಲೆ ಮಾಡಿ ಮಲಗಿದ್ದವು. ಉಪ್ಪುನೀರಿನ ಜಾಡಿಯಲ್ಲಿ ಮೊಟ್ಟೆಗಳು ತೇಲುತ್ತಿದ್ದವು. ಎಪ್ಪತ್ತು ದಾಟಿದ ಆರ್ವಿಲ್ ಕೌಂಟರಿನ ಮೇಲೆ ಒದ್ದೆ ಬಟ್ಟೆ ಎಳೆಯುತ್ತಿದ್ದ.

“ಬಾ ಮಗಳೇ. ನೀನೂ ಡೆಲ್ಲೂ ಅಲ್ಲಿ ಡ್ರಮ್ಮಿನ ಹಿಂದೆ ಕೋಟು ಹೊದ್ದು ಮಲಗ್ತಿದ್ರಿ, ನೆನಪಿದ್ಯಾ? ನಿಮ್ಮಪ್ಪ ಹಾಡು ಮುಗಿಸೋವರೆಗೂ.”

“ನೆನಪಿದೆ ಅಂಕಲ್.” ಅವಳು ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟಳು. ಅವನು ಅದನ್ನು ನೋಡಿದ, ಮತ್ತೆ ಬಟ್ಟೆ ಎಳೆಯತೊಡಗಿದ. ಅವಳು ಕ್ಯಾಸೆಟ್ ತೆಗೆದು ಮುಂದಿಟ್ಟಳು. “ಇದನ್ನ ಒಂದ್ಸಲ ಹಾಕ್ತೀರಾ? ದೊಡ್ಡ ಸ್ಪೀಕರಲ್ಲಿ ಕೇಳ್ಬೇಕು.”

“ಕೇಳಿ ಕೇಳಿ ಸಾಕಾಗಿಲ್ವಾ?”

“ಇನ್ನೊಂದೇ ಸಲ.”

ಟೇಪು ತಿರುಗಿತು. ಹಳೆಯ ಮೂರೆಣಿಕೆಯ ಕುಣಿತದ ಹಾಡು. ಹಾರ್ಲನ್‌ನ ದಪ್ಪ ತಂತಿಗಳು ಖಾಲಿ ಬಾರನ್ನು ತುಂಬಿದವು. ಸತ್ತವನು ಎದ್ದು ಬಂದಂತೆ ಗ್ಲಾಸುಗಳು ಕಪಾಟಿನಲ್ಲಿ ಸಣ್ಣಗೆ ನಡುಗಿದವು. ಆರ್ವಿಲ್ ತಲೆ ತಗ್ಗಿಸಿದ.

ರೋಡಾ ವೇದಿಕೆ ಹತ್ತಿದಳು. ಗಿಟಾರನ್ನು ಹೆಗಲಿಗೆ ಹಾಕಿ, ಹಾರ್ಲನ್ ಬಳಸುತ್ತಿದ್ದ ಆಂಪ್ಲಿಫೈಯರಿಗೆ ವೈರು ಚುಚ್ಚಿದಳು.

“ಪೊಲೀಸ್ ಕೆಲಸ ಬಿಟ್ಟು ಬ್ಯಾಂಡ್ ಸೇರ್ತಿದೀಯೇನು?” ಆರ್ವಿಲ್ ನಗಲು ನೋಡಿದ.

ಅವಳು ಅದೇ ಹಾಡಿನ ಮೊದಲ ಸ್ವರವನ್ನು, ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಾರಿಸಿದಳು.

ಕಟ್ ಎಂದು ತಂತಿ ಪಿಕಪ್ಪಿಗೆ ಬಡಿಯಿತು. ಹಿಂದೆಯೇ ಬಂದ ಸ್ವರ ಒಂದಾಗಿರಲಿಲ್ಲ. ಸೀಳಿ ಎರಡಾಗಿ, ಒಂದಕ್ಕೊಂದು ಹೊಂದದೆ ತೊನೆಯುತ್ತ, ನರಳುತ್ತ ಸತ್ತಿತು. ಮತ್ತೊಂದು ಬಾರಿಸಿದಳು. ಅದೂ ಹಾಗೆಯೇ. ಟೇಪಿನಲ್ಲಿ ಹಾರ್ಲನ್ ನಿರ್ಮಲವಾಗಿ ಗುಡುಗುತ್ತಿದ್ದ, ಅವನದೇ ಗಿಟಾರು ಅವಳ ಕೈಯಲ್ಲಿ ಹುಳಿಹುಳಿಯಾಗಿ ಕೊರಗುತ್ತಿತ್ತು.

“ನಿಲ್ಸು,” ಎಂದ ಆರ್ವಿಲ್.

“ಟೇಪಲ್ಲಿ ಈ ಸದ್ದು ಎಲ್ಲಿ ಅಂಕಲ್?”

“ನಿನ್ನ ಕೈ ಬೇರೆ, ಅವನ ಕೈ ಬೇರೆ.”

“ಅವನ ಕೈ ನನ್ನದಕ್ಕಿಂತ ಎರಡರಷ್ಟು ಜೋರು. ಇದಕ್ಕಿಂತ ಕೆಟ್ಟದಾಗಿ ಬರ್ಬೇಕಿತ್ತು.”

“ಆಮೇಲೆ ಯಾರಾದ್ರೂ ಏರಿಸಿರ್ತಾರೆ. ಆ ಸ್ಪ್ರೇಗ್ ಇರಬಹುದು.”

“ಡೆಲ್ಲೂ ಹಾಗೇ ಅಂದ.”

ಬಟ್ಟೆ ಎಳೆಯುತ್ತಿದ್ದ ಕೈ ನಿಂತಿತು. “ಡೆಲ್ ಹಾಗಂದ್ನಾ?”

“ಅಂದ. ಆದ್ರೆ ಪಿಕಪ್ಪಿನ ಪಕ್ಕದಲ್ಲಿ ಹೊಗೆ ಕಲೆ ಕೂತಿದೆ. ತಿಂಗಳುಗಟ್ಟಲೆ ಕೂತಿದ್ದು. ನಿಮ್ಮ ಬಾರಿನ ಹೊಗೆ. ಆ ಶನಿವಾರ ಈ ಗಿಟಾರು ಹೀಗೇ ಇತ್ತು. ಹೀಗಿದ್ದ ಗಿಟಾರಲ್ಲಿ ಈ ಟೇಪಿನ ಹಾಡು ಬರಲ್ಲ.” ಅವಳು ವೇದಿಕೆಯಿಂದ ಇಳಿದು ಅವನೆದುರು ನಿಂತಳು. “ಈ ಟೇಪು ಯಾವಾಗಿಂದು?”

ಆರ್ವಿಲ್ ಟೇಪನ್ನು ನಿಲ್ಲಿಸಿದ. 

“ಮೂರು ವರ್ಷದ ಹಿಂದಿಂದು,” ಎಂದ. “ಮೇಲಿನ ತಾರೀಕಿನ ಚೀಟಿ ನಾನೇ ಬದಲಾಯಿಸ್ದೆ.”

“ಯಾಕೆ?”

“ಕೂತ್ಕೋ.”

“ನಿಂತೇ ಕೇಳ್ತೀನಿ.”

“ಕೂತ್ಕೋ ಮಗಳೇ, ನನಗೆ ನಿಂತಿರಕ್ಕಾಗಲ್ಲ.”

ಇಬ್ಬರೂ ಕೂತರು. ಆರ್ವಿಲ್ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದು, ಅದು ಬೇರೆಯವರದೇನೋ ಎಂಬಂತೆ ಮೇಜಿನ ಮೇಲಿಟ್ಟ.

“ಬೇಸಿಗೆಯಲ್ಲಿ ಅವನಿಗೆ ಹೀಗಾಯ್ತು. ಒಂದು ದಿನ ಬೆಳಿಗ್ಗೆ ಎದ್ದ, ಕಾಫಿ ಲೋಟ ಕೈಯಿಂದ ಜಾರಿತು. ಸಣ್ಣ ಲಕ್ವ. ಬಾಯಿ ಸರಿಹೋಯ್ತು, ಕಾಲು ಸರಿಹೋಯ್ತು. ಬಲಗೈ ಬರ್ಲಿಲ್ಲ. ಯಾರಿಗೂ ಹೇಳ್ಬೇಡ ಅಂದ. ಊರೆಲ್ಲ ಇವನ ಕೈ ಬಗ್ಗೆ ಕಥೆ ಹೇಳ್ಕೊಂಡು ಬದುಕ್ತಿದೆ, ಆ ಕೈ ಹೋಯ್ತು ಅಂತ ಹೆಂಗೆ ಹೇಳ್ತಾನೆ ಹೇಳು?”

ಹೆಣ ಪರೀಕ್ಷೆಯ ವರದಿಯ ಒಂದು ಸಾಲು ರೋಡಾಗೆ ನೆನಪಾಯಿತು. ಬಲ ಅಂಗೈಯ ಮಾಂಸ ಸೊರಗಿದೆ ಎಂದು ಬರೆದಿತ್ತು. ವಯಸ್ಸು ಎಂದುಕೊಂಡು ಅವಳು ಪುಟ ತಿರುವಿದ್ದಳು.

“ಬಡಿದು ಬಾರಿಸ್ತಿದ್ದವನು ಬೆಕ್ಕಿನ ಮೈ ಸವರೋ ಹಾಗೆ ಸವರಕ್ಕೆ ಶುರುಮಾಡ್ದ. ಸದ್ದು ಮೊದಲ ಮೇಜಿಗೂ ಮುಟ್ತಿರ್ಲಿಲ್ಲ. ಅದಕ್ಕೇ ಪಿಕಪ್ ಏರಿಸಿದ್ದು. ತಂತಿಗೆ ಹತ್ತಿರ ಇದ್ರೆ ಉಸಿರು ತಾಗಿದ್ರೂ ಕೇಳತ್ತಲ್ಲ? ಕೈ ಇನ್ನೊಂಚೂರು ಸೋತ್ರೆ ಪಿಕಪ್ ಇನ್ನೊಂಚೂರು ಮೇಲೆ. ಜನಕ್ಕೆ ಗೊತ್ತೇ ಆಗ್ಲಿಲ್ಲ. ಮುದುಕ ಮೆತ್ತಗೆ ಬಾರಿಸ್ತಾನೆ ಈಗ, ಎಷ್ಟು ಚೆಂದ ಅಂದ್ರು. ಅವನು ನನ್ನ ಮುಖ ನೋಡಿ ಕಣ್ಣು ಹೊಡೀತಿದ್ದ.”

“ಶನಿವಾರ?”

“ಶನಿವಾರ ಅದೂ ಮುಗೀತು. ಸಂಜೆನೇ ಬಂದ. ಮೀಟೋ ಬಿಲ್ಲೆ ಹಿಡಿಯಕ್ಕೆ ಆಗ್ಲಿಲ್ಲ. ಬಿತ್ತು, ಎತ್ತಿಕೊಟ್ಟೆ. ಮತ್ತೆ ಬಿತ್ತು. ಇನ್ನು ಏರಿಸಕ್ಕೆ ಜಾಗ ಇಲ್ಲ ಆರ್ವಿಲ್, ಅಂದ. ಅಲ್ಲೇ ವೇದಿಕೆ ಅಂಚಿನ ಮೇಲೆ ಕೂತು ಮಗು ಥರ ಅತ್ತ.” ಆರ್ವಿಲ್ ಮೂಗು ಒರೆಸಿಕೊಂಡ. “ಕತ್ತಲಾಗೋ ಮೊದಲೇ ಹೋದ. ಸೋಮವಾರ ಕಾಲುವೆಯಲ್ಲಿ ಸಿಕ್ಕ ಅಂದ್ರು. ನಾನೇನು ಅಂದ್ಕೋಬೇಕು? ತಾನೇ ಹಾರ್ಕೊಂಡ ಅಂದ್ಕೊಂಡೆ. ಕೈ ಹೋದ ದುಃಖಕ್ಕೆ ಸತ್ತ ಅಂತ ಊರು ಆಡ್ಕೋಬಾರ್ದು, ಕೊನೇ ರಾತ್ರಿ ಚೆನ್ನಾಗಿ ಬಾರಿಸಿ, ಕುಡಿದು, ಮಂಜಲ್ಲಿ ಕಾಲು ಜಾರಿ ಹೋದ ಅನ್ಕೊಳ್ಲಿ ಅಂತ ಆ ಟೇಪು ಕೊಟ್ಟೆ. ನನ್ನನ್ನ ಒಳಗೆ ಹಾಕ್ತೀಯಾ, ಹಾಕು.”

ರೋಡಾಗೆ ಈಗ ಹೇಳಬಾರದ್ದನ್ನು ಹೇಳಬೇಕಾಗಿ ಬಂದಿತ್ತು.

“ಅವನು ಹಾರ್ಕೊಳ್ಳಲಿಲ್ಲ ಅಂಕಲ್. ಅವನು ನೀರು ಕುಡಿದಿರ್ಲಿಲ್ಲ. ಯಾರೋ ತಲೆಗೆ ಹಿಂದಿಂದ ಹೊಡೆದು ಆಮೇಲೆ ಕಾಲುವೆಗೆ ಹಾಕಿದಾರೆ.”

ಆರ್ವಿಲ್ ಅವಳನ್ನೇ ನೋಡಿದ. ಅವನ ಮುಖದಲ್ಲಿ ಮೊದಲು ಏನೂ ಬದಲಾಗಲಿಲ್ಲ. ಆಮೇಲೆ ಬಣ್ಣವೆಲ್ಲ ಕೆಳಗಿಳಿದು ಹೋಯಿತು. ಎದ್ದು ನಿಂತ, ಕೂತ, ಮತ್ತೆ ಎದ್ದ.

“ಇಲ್ಲ,” ಎಂದ. “ಇಲ್ಲ ಇಲ್ಲ. ನೀನು ಹೋಗು ಮಗಳೇ. ನನಗೆ ಬಾರು ತೆಗೆಯೋ ಹೊತ್ತಾಯ್ತು.”

“ಆರ್ವಿಲ್ ಅಂಕಲ್.”

“ಹೋಗು ಅಂದೆ.”

“ಲೋಟ ಹಿಡಿಯಕ್ಕಾಗದ ಕೈ ಅಷ್ಟು ಸಣ್ಣ ತಿರುಪು ತಿರುಗಿಸತ್ತಾ? ಒಂದು ಸಲ ಅಲ್ಲ, ತಿಂಗಳುಗಟ್ಟಲೆ. ಯಾರೋ ಅವನಿಗೆ ಮಾಡಿಕೊಡ್ತಿದ್ರು. ಗುಟ್ಟು ಗೊತ್ತಿದ್ದ ಇನ್ನೊಬ್ಬರು ಇದ್ರು. ಯಾರು?”

ಆರ್ವಿಲ್ ಗೋಡೆಯ ಕಡೆ ತಿರುಗಿದ. ಅಲ್ಲಿ ಹಳೆಯ ಬ್ಯಾಂಡುಗಳ ಫೋಟೋಗಳಿದ್ದವು. ರೋಡಾಳ ಅಪ್ಪನೂ ಅದರಲ್ಲಿದ್ದ, ಟೋಪಿ ಹಿಂದಕ್ಕೆ ಸರಿಸಿ ನಗುತ್ತ.

“ನನ್ನ ಬಾಯಲ್ಲಿ ಹೇಳಿಸ್ಬೇಡ.”

“ಯಾರು?”

“ನಿಮ್ಮ ಡೆಲ್ಲೇ ಕಣಮ್ಮಾ!” ಎಂದ ಆರ್ವಿಲ್. ಕೂಗಿದ್ದು ಗೋಡೆಗೆ. “ವಾರವಾರ ಬರ್ತಿದ್ದ. ಚೀಲದಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಕಾಲು ಸುತ್ತು, ಅರ್ಧ ಸುತ್ತು. ಕಿವಿ ಹತ್ತಿರ ಇಟ್ಕೊಂಡು, ಮಗುಗೆ ಔಷಧಿ ಅಳೆದು ಕೊಡೋ ಹಾಗೆ. ಹಾರ್ಲನ್ ಅವನನ್ನ ಮಗ ಅಂತಿದ್ದ.”

ರೋಡಾ ಗಿಟಾರನ್ನು ಪೆಟ್ಟಿಗೆಗೆ ಹಾಕಿ ಚಿಲಕ ಒತ್ತಿದಳು.

“ಶನಿವಾರ ಕರ್ಕೊಂಡು ಹೋದವನೂ ಅವನೇ,” ಆರ್ವಿಲ್‌ನ ದನಿ ತಗ್ಗಿತು. “ನಾನೇ ಫೋನ್ ಮಾಡ್ದೆ, ಬಂದು ಮನೆಗೆ ಬಿಡಪ್ಪಾ ಅಂತ. ವ್ಯಾನ್ ತಂದ. ಒಂದು ಕೈಯಲ್ಲಿ ಗಿಟಾರು, ಇನ್ನೊಂದು ಕೈಯಲ್ಲಿ ಹಾರ್ಲನ್. ಬಾಗಿಲಲ್ಲಿ ಇಬ್ಬರಿಗೂ ಏನೋ ಮಾತು ಬಂತು. ಹಾರ್ಲನ್ ಇಲ್ಲ ಇಲ್ಲ ಅಂತ ತಲೆ ಆಡಿಸ್ತಿದ್ದ. ಏನು ಅಂತ ನನಗೆ ಕೇಳಿಸ್ಲಿಲ್ಲ, ಮಗಳೇ. ದೇವರಾಣೆ ಕೇಳಿಸ್ಲಿಲ್ಲ.”

*

ಕಾರಿನೊಳಗೆ ಕೂತ ಮೇಲೂ ರೋಡಾಗೆ ಕೀಲಿ ತಿರುಗಿಸಬೇಕೆಂದು ತೋಚಲಿಲ್ಲ. ಗಾಜಿನಾಚೆ ಬಿಳಿ ಬಿಟ್ಟರೆ ಏನೂ ಇರಲಿಲ್ಲ.

ಆ ಶನಿವಾರ ಡೆಲ್ ಅವಳ ಮನೆಗೆ ಊಟಕ್ಕೆ ಬಂದಿದ್ದ. ತಡವಾಗಿ ಬಂದಿದ್ದ. ಸೊಂಟದವರೆಗೆ ಪ್ಯಾಂಟು ಒದ್ದೆಯಾಗಿತ್ತು. ಮಂಜಲ್ಲಿ ವ್ಯಾನು ಹಳ್ಳಕ್ಕೆ ಇಳೀತು, ತಳ್ಳಿ ತಳ್ಳಿ ಸಾಕಾಯ್ತು ಅಕ್ಕ, ಎಂದಿದ್ದ. ಅವಳು ಬೈದಿದ್ದಳು. ಶೀತ ಹಿಡಿಯುತ್ತೆ, ಬಿಚ್ಚು ಎಂದು ಗಂಡನ ಪೈಜಾಮ ಕೊಟ್ಟಿದ್ದಳು. ಎರಡು ತಟ್ಟೆ ಹುರುಳಿಕಾಳು ಮಾಂಸದ ಸಾರು ತಿಂದು ಅವನು ಸೋಫಾದ ಮೇಲೆ ಬೆಳಿಗ್ಗೆಯವರೆಗೆ ಮಲಗಿದ್ದ.

ನಡುರಾತ್ರಿ ಕಳೆದ ಮೇಲೆ ನೀವೆಲ್ಲಿದ್ದಿರಿ? ಡೆಲ್‌ಗೆ ಆ ಪ್ರಶ್ನೆ ಕೇಳುವ ಅಗತ್ಯವೇ ಬಿದ್ದಿರಲಿಲ್ಲ. ಅವನ ಸಾಕ್ಷಿ ಅವಳೇ.

ಮತ್ತೆ ಆ ಪ್ಯಾಂಟು, ಅಂಗಿ, ಕಾಲುಚೀಲ. ಅವಳೇ ಬಾಚಿ ಎತ್ತಿ ಒಗೆಯುವ ಯಂತ್ರಕ್ಕೆ ಹಾಕಿದ್ದಳು. ಕಲೆ ಹೋಗಲೆಂದು ಸೋಪಿನ ಪುಡಿ ಒಂದು ಮುಷ್ಟಿ ಹೆಚ್ಚಿಗೆ ಸುರಿದಿದ್ದಳು. ಅದು ಕೆಸರು ಎಂದುಕೊಂಡಿದ್ದಳು.

ಅವಳು ಬಾಗಿಲು ತೆರೆದು, ಹೊರಗೆ ಬಾಗಿ, ತಿಂದದ್ದನ್ನೆಲ್ಲ ಜಲ್ಲಿಯ ಮೇಲೆ ಕಾರಿಕೊಂಡಳು.

ಬಾಯಿ ಒರೆಸಿಕೊಳ್ಳುತ್ತಿದ್ದಂತೆ ರೇಡಿಯೋ ಗೊರಗುಟ್ಟಿತು. ಕಚೇರಿಯಿಂದ ಕಾರುಗಳಿಗೆ ಸುದ್ದಿ ಕೊಡುವ ಹುಡುಗಿ. ಅವಳ ದನಿಯಲ್ಲಿ ಎಂದೂ ಇಲ್ಲದ ಉತ್ಸಾಹ.

“ಮೇಡಂ, ಇನ್ನೂ ಆರ್ವಿಲ್ ಬಾರಲ್ಲೇ ಇದೀರಾ? ಒಳ್ಳೇ ಸುದ್ದಿ! ಸ್ಪ್ರೇಗ್ ಸಿಕ್ಕಿಬಿದ್ದ. ಮೋಟೆಲಲ್ಲಿ ಅವನ ಕೋಣೆ ಹುಡುಕಿದ್ರು. ಹೆಣದ ಕೈಯಲ್ಲಿ ಇರ್ಲಿಲ್ಲವಲ್ಲ ಆ ಗಡಿಯಾರ, ಟೀಗ್ ಅವರದು, ಹಿಂದುಗಡೆ ಹೆಸರು ಕೆತ್ತಿದ್ದು? ಅವನ ಸೂಟ್‌ಕೇಸ್ ಒಳಗಿತ್ತು. ನನಗೇನೂ ಗೊತ್ತಿಲ್ಲ ಅಂತ ಕಿರಚ್ತಿದಾನೆ. ಕೈಕೋಳ ಹಾಕಿ ತರ್ತಿದಾರೆ.”

ರೋಡಾ ಗುಂಡಿ ಒತ್ತಿದಳು. 

“ಕೋಣೆ ಹುಡುಕಿ ಅಂತ ಹೇಳಿದ್ಯಾರು?”

“ನಿಮ್ಮ ತಮ್ಮನೇ! ಮಧ್ಯಾಹ್ನ ಫೋನ್ ಮಾಡಿದ್ರಂತೆ. ಸ್ಪ್ರೇಗ್ ಆ ಗಡಿಯಾರ ತೋರಿಸಿ ಮಾರಕ್ಕೆ ನೋಡ್ದ ಅಂತ. ಶೆರಿಫ್ ತುಂಬ ಖುಷಿಯಲ್ಲಿದಾರೆ. ಇಬ್ಬರಿಗೂ ಊಟ ಕೊಡಿಸ್ತೀನಿ ಅಂದ್ರು.”

ಅವಳು ಶೆಡ್ಡಿನಿಂದ ಹೊರಟ ಮೇಲೆ ಮಾಡಿದ ಫೋನು ಅದು. ಆ ಕಲೆ ಒರೆಸಲು ಗಿಟಾರು ಕೈಗೆ ಸಿಗಲಿಲ್ಲವೆಂದು ಖಾತ್ರಿಯಾದ ಮೇಲೆ.

“ಮೇಡಂ? ಕೇಳಿಸ್ತಿದ್ಯಾ? ಶೆರಿಫ್ ಪಕ್ಕದಲ್ಲೇ ನಿಂತಿದಾರೆ. ಆರ್ವಿಲ್ ಡನವೇ ಕಡೆಯಿಂದ ಹೊಸದೇನಾದ್ರೂ ಸಿಕ್ತಾ ಅಂತ ಕೇಳ್ತಿದಾರೆ. ಇಲ್ಲ ಅಂದ್ರೆ ಸ್ಪ್ರೇಗ್ ಮೇಲೆ ಇವತ್ತೇ ಕೊಲೆ ಆರೋಪ ಹಾಕಿಬಿಡ್ತಾರಂತೆ.”

ಹದಿನೆಂಟು ವರ್ಷದ ನೌಕರಿಯಲ್ಲಿ ರೋಡಾ ಪ್ರೂಯಿಟ್ ರೇಡಿಯೋದಲ್ಲಿ ಸುಳ್ಳು ಹೇಳಿರಲಿಲ್ಲ.

ಹೆಬ್ಬೆರಳು ಗುಂಡಿಯ ಮೇಲಿತ್ತು. ಒತ್ತಿದಳು.

“ಏನೂ ಸಿಗ್ಲಿಲ್ಲ,” ಎಂದಳು.

ಗುಂಡಿ ಬಿಟ್ಟು ತಲೆ ಎತ್ತಿದಾಗ, ತೆರೆದೇ ಇದ್ದ ಕಾರಿನ ಬಾಗಿಲ ಬಳಿ, ಅವಳಿಗೆಂದು ನೀರಿನ ಲೋಟ ಹಿಡಿದು ಆರ್ವಿಲ್ ನಿಂತಿದ್ದ.